ಏನಾಗಿಲ್ಲ ಅನ್ನೋ ಮುಂಚೆ ಒಂಟಿಕಾಲಲ್ಲಿ ನಿಂತು ತೋರಿಸು

ಪರಶುರಾಂಪುರದ ಕಬಡ್ಡಿ ಅಂಕಣದಲ್ಲಿ ನಿನ್ನ ಕಾಲಿನ ಚುರುಕು ನೋಡಿದ್ದೀನಿ ಮಗನೇ. ರೈಡಿಗೆ ಹೋದರೆ ಬರಿಗೈಲಿ ಬರೋ ಹುಡುಗನಲ್ಲ ನೀನು. ಆದರೆ ಕ್ಯಾಚಿನಲ್ಲಿ ತಲೆಗೆ ತಲೆ ಡಿಕ್ಕಿ ಹೊಡೆದಾಗ ನೀನು ಮಾಡೋ ಕೆಲಸ ನನಗೆ ಹಿಡಿಸೋದಿಲ್ಲ. ಎದ್ದೆ, ಮಣ್ಣು ಕೊಡವಿದೆ, ಯಾರೋ ನೆತ್ತಿಗೆ ನೀರು ಹೊಯ್ದರು, "ಏನಾಗಿಲ್ಲ ಬಿಡಣ್ಣ" ಅಂತ ಮತ್ತೆ ಗೆರೆ ದಾಟಿದೆ. ಅಷ್ಟೇನಪ್ಪಾ ಅವಸರ? ಊಟಕ್ಕೆ ಕರೆದರೆ ಮೂರು ಸಲ ಕೂಗಿಸಿಕೊಳ್ಳುವವನು ನೀನು.

ಪೆಟ್ಟು ತಿಂದ ತಲೆಯನ್ನೇ "ಹೇಗಿದ್ದೀಯ" ಅಂತ ಕೇಳಿದರೆ ಅದು ನಿಜ ಹೇಳುತ್ತದೆಯೇ? ಅದಕ್ಕೇ ಬಲ್ಲ ವೈದ್ಯರು ಬಾಯಿಮಾತಿಗೆ ಸುಮ್ಮನಾಗೋದಿಲ್ಲ, ಕಾಲನ್ನೂ ಕಣ್ಣನ್ನೂ ವಿಚಾರಿಸುತ್ತಾರೆ. ರಕ್ತ ಸುರಿಯಬೇಕಿಲ್ಲ, ಎಚ್ಚರ ತಪ್ಪಬೇಕಿಲ್ಲ. ಗಡಿಗೆ ಗಟ್ಟಿಯಾಗೇ ಇದ್ದು ಒಳಗಿನ ಮೊಸರು ಕುಲುಕಿ ಒಡೆದ ಹಾಗೆ, ಬುರುಡೆಗೆ ಏನೂ ಆಗದೆಯೂ ಮಿದುಳು ಅಲ್ಲಾಡಿರುತ್ತದೆ. ಕನ್ಕಷನ್ ಅನ್ನೋದು ಇದನ್ನೇ. ಸ್ಕ್ಯಾನ್ ಮಾಡಿಸಿದರೂ ಸಾಮಾನ್ಯವಾಗಿ ಕಾಣೋದಿಲ್ಲ.

ಕಾಲಿನ ಪರೀಕ್ಷೆ ನೋಡೋಕೆ ಮಕ್ಕಳಾಟದ ಹಾಗಿದೆ. ಬರಿಗಾಲಲ್ಲಿ, ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ನಿಲ್ಲಬೇಕು. ಮೊದಲು ಎರಡೂ ಪಾದ ಜೋಡಿಸಿ, ಆಮೇಲೆ ಚೆಂಡು ಒದೆಯದ ಕಾಲೊಂದರ ಮೇಲೆ, ಕೊನೆಗೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ. ಒಂದೊಂದೂ 20 ಸೆಕೆಂಡು. ಕಣ್ಣು ತೆರೆದರೆ ಒಂದು ತಪ್ಪು, ಕೈ ಬಿಟ್ಟರೆ ಒಂದು, ತೂರಾಡಿ ಹೆಜ್ಜೆ ಇಟ್ಟರೆ ಒಂದು. ನಗಬೇಡ. ದೇಹದ ಸಮತೋಲನಕ್ಕೆ ಕಿವಿಯ ಒಳಭಾಗ, ಕಣ್ಣು, ಪಾದ ಮೂರೂ ಸುದ್ದಿ ಕಳಿಸುತ್ತವೆ. ಅದನ್ನು ಕೂಡಿಸೋದು ಮಿದುಳು. ಕಣ್ಣು ಮುಚ್ಚಿಸಿ ಒಂದು ಆಸರೆ ಕಿತ್ತುಕೊಂಡರೆ ಮಿದುಳಿನ ಎಡವಟ್ಟು ಬಯಲಿಗೆ ಬರುತ್ತದೆ.

ಆಮೇಲೆ ಕಣ್ಣಿನ ಸರದಿ. ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ವಾಮ್ಸ್ ಅನ್ನೋ ಕ್ರಮ ಇದೆ. ತಲೆ ಅಲ್ಲಾಡಿಸದೆ ಪೆನ್ನಿನ ತುದಿಯ ಹಿಂದೆ ಕಣ್ಣು ಓಡಿಸಬೇಕು. ಎರಡು ಚುಕ್ಕೆಗಳ ನಡುವೆ ದೃಷ್ಟಿಯನ್ನು ಪಟಪಟ ನೆಗೆಸಬೇಕು. ಒಂದು ಅಕ್ಷರದ ಮೇಲೆ ಕಣ್ಣು ನೆಟ್ಟು ತಲೆ ಆಡಿಸಬೇಕು. ಪೆನ್ನನ್ನು ಮೂಗಿನ ಹತ್ತಿರ ತರುವಾಗ ಅದು ಎರಡಾಗಿ ಕಂಡದ್ದು ಎಲ್ಲಿ ಅಂತ ಅಳೆಯುತ್ತಾರೆ. ಮೂಗಿನಿಂದ 5 ಸೆಂಟಿಮೀಟರಿಗಿಂತ ದೂರದಲ್ಲೇ ಎರಡಾದರೆ ಅನುಮಾನ. ಪ್ರತಿ ಸಲವೂ ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಎಷ್ಟು ಅಂತ 0ರಿಂದ 10ರೊಳಗೆ ಹೇಳಬೇಕು. ಇಲ್ಲಿ ಶೂರತನ ತೋರಿಸಿ ಸೊನ್ನೆ ಸೊನ್ನೆ ಅಂದೆಯೋ, ಮೋಸ ಹೋಗೋದು ನೀನೇ.

ಆಟ ಬಿಟ್ಟರೆ ಜಾಗ ಹೋಗುತ್ತೆ ಅಂತೀಯ. ನಮ್ಮ ಬೆಂಗಳೂರಿನ ಮಯಾಂಕ್ ಅಗರ್ವಾಲ್‌ಗೆ ಆ ಭಯ ಇರಲಿಲ್ಲವೇ? 2021ರ ಆಗಸ್ಟ್‌ನಲ್ಲಿ ನಾಟಿಂಗ್‌ಹ್ಯಾಮ್ ಟೆಸ್ಟಿಗೆ ಎರಡು ದಿನ ಮುಂಚೆ, ನೆಟ್ಸ್‌ನಲ್ಲಿ ಸಿರಾಜ್ ಎಸೆದ ಚೆಂಡು ಹೆಲ್ಮೆಟ್ಟಿಗೆ ಬಡಿಯಿತು. ವೈದ್ಯರ ಪರೀಕ್ಷೆಯಲ್ಲಿ ಕನ್ಕಷನ್ ಲಕ್ಷಣ ಕಂಡಿತು, ಆಟದಿಂದ ಹೊರಗಿಟ್ಟರು. ಆ ಜಾಗದಲ್ಲಿ ಇಳಿದ ಕೆ.ಎಲ್. ರಾಹುಲ್ 84 ಹೊಡೆದ. ಭಾರತ ತಂಡದ ಜಾಗಕ್ಕಿಂತ ತಲೆ ದೊಡ್ಡದು ಅಂದಮೇಲೆ ನಿನ್ನ ಹೋಬಳಿ ಕಪ್ ಯಾವ ಲೆಕ್ಕ? 2002ರಲ್ಲಿ ಆಂಟಿಗುವಾದಲ್ಲಿ ಕುಂಬ್ಳೆ ಬ್ಯಾಂಡೇಜ್ ಕಟ್ಟಿಕೊಂಡು ಬೌಲ್ ಮಾಡಲಿಲ್ಲವಾ ಅಂತ ನೀನು ಕೇಳೋದು ಗೊತ್ತು. ಅವರ ಗಟ್ಟಿತನಕ್ಕೆ ನನ್ನದೂ ನಮಸ್ಕಾರ. ಆದರೆ ಮುರಿದದ್ದು ದವಡೆ ಕಣಪ್ಪ, ಕುಲುಕಿದ ಮಿದುಳಿಗೆ ಆ ಕಥೆ ಹೊಂದೋದಿಲ್ಲ. 1998ರಲ್ಲಿ ಢಾಕಾದಲ್ಲಿ ನಮ್ಮ ಕ್ರಿಕೆಟಿಗ ರಮಣ್ ಲಾಂಬಾ ತಲೆಗೆ ಚೆಂಡು ಬಿದ್ದಮೇಲೂ ತಾನೇ ನಡೆದುಕೊಂಡು ಪೆವಿಲಿಯನ್‌ಗೆ ಹೋಗಿದ್ದ. ಮೂರನೇ ದಿನ ತೀರಿಕೊಂಡ.

ಇನ್ನೊಂದು ಮಾತು. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ ಮಿದುಳು ಊದಿಕೊಂಡು ಜೀವಕ್ಕೇ ಕುತ್ತು ಬರಬಹುದು. ಅಪರೂಪ, ಆದರೆ ಆಗೋದು ಹೆಚ್ಚಾಗಿ ನಿನ್ನ ವಯಸ್ಸಿನವರಿಗೆ. ಹಾಗಾಗಿ ಅನುಮಾನ ಬಂದ ದಿನ ಆಟ ಮುಗೀತು. ಒಂಟಿಕಾಲಲ್ಲಿ ಚೆನ್ನಾಗಿ ನಿಂತೆ ಅಂತ ಅವತ್ತೇ ಇಳಿಯೋ ಹಾಗಿಲ್ಲ. ಮರಳೋದು ಆರು ಮೆಟ್ಟಿಲಲ್ಲಿ, ಒಂದೊಂದಕ್ಕೂ ಕನಿಷ್ಠ ಒಂದು ದಿನ, ಮೈಗೆ ಮೈ ತಾಗೋ ಅಭ್ಯಾಸಕ್ಕೆ ಇಳಿಯೋ ಮುಂಚೆ ವೈದ್ಯರ ಒಪ್ಪಿಗೆ. ಪದೇ ಪದೇ ವಾಂತಿ, ಏರುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲಿನ ಸೋಲು — ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅನ್ನಬೇಡ. 108ಕ್ಕೆ ಫೋನ್ ಮಾಡು, ಚಳ್ಳಕೆರೆಗೋ ಚಿತ್ರದುರ್ಗಕ್ಕೋ ಹೊರಡು.

ಸರಿಯಿದ್ದಾಗ ಆ ನಿಲ್ಲೋ ಪರೀಕ್ಷೆಯಲ್ಲಿ ನೀನು ಎಷ್ಟು ತಪ್ಪು ಮಾಡುತ್ತೀಯ ಅಂತ ಗೊತ್ತಿದ್ದರೆ, ಪೆಟ್ಟು ಬಿದ್ದಾಗ ಹೋಲಿಸಿ ನೋಡೋದು ವೈದ್ಯರಿಗೆ ಸುಲಭ. ಶೇಂಗಾ ಕಿತ್ತು ಮುಗಿದು ಟೂರ್ನಮೆಂಟು ಶುರುವಾಗೋ ಮುಂಚೆ, ದೈಹಿಕ ಶಿಕ್ಷಕರನ್ನು ಕರೆದು ಇಡೀ ತಂಡವನ್ನು ನಿಲ್ಲಿಸಿ, ಯಾರದು ಎಷ್ಟು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡು. ಮೊದಲ ಹೆಸರು ನಿನ್ನದೇ ಇರಲಿ.