ಸೆಪ್ಟೆಂಬರ್‌ನ ಸಂಡೂರಿಗೆ ಎಷ್ಟು ಖರ್ಚು?

ಒಂದು ಕೋಣೆಗೆ ದಿನಕ್ಕೆ 7,400 ರೂಪಾಯಿ, ಇನ್ನೊಂದಕ್ಕೆ 7,600. 'ಇನ್ನೂರು ರೂಪಾಯಿ ತಾನೆ, ಚೆನ್ನಾಗಿರೋದನ್ನೇ ಹಿಡೀತೀನಿ' ಅಂತ ನಮ್ಮ ದೊಡ್ಡಮ್ಮನ ಮಗ ಬೆಂಗಳೂರಿನಿಂದ ಫೋನ್ ಮಾಡಿದ. ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಪ್ಪ ಅಂದೆ. 2025ರ ಸೆಪ್ಟೆಂಬರ್ 22ರಿಂದ, ದಿನಬಾಡಿಗೆ 7,500 ರೂಪಾಯಿವರೆಗಿನ ಕೋಣೆಗೆ ತೆರಿಗೆ ಶೇ 5. ಅದನ್ನು ದಾಟಿದರೆ ಪೂರ್ತಿ ಮೊತ್ತಕ್ಕೆ ಶೇ 18. ಮೊದಲ ಕೋಣೆಗೆ ತೆರಿಗೆ 370, ಎರಡನೆಯದಕ್ಕೆ 1,368. ಇನ್ನೂರು ಅಂದುಕೊಂಡಿದ್ದು 1,198 ಆಯಿತು. ಮೂರು ರಾತ್ರಿ ಉಳಿದರೆ ಮೂರೂವರೆ ಸಾವಿರ ದಾಟುತ್ತದೆ.

ಅವನ ಮನೆಯವರು ಮೊದಲು ಆಸೆಪಟ್ಟಿದ್ದು ಸ್ವಿಟ್ಜರ್ಲೆಂಡಿಗೆ. ಷೆಂಗೆನ್ ವೀಸಾ ಶುಲ್ಕವೇ ದೊಡ್ಡವರಿಗೆ ತಲಾ 90 ಯೂರೊ. ವಿಮಾನದ ಮಾತು ಆಮೇಲೆ. ಈ ವರ್ಷ ಬೇಡ, ನಮ್ಮ ಕಡೆ ಗುಡ್ಡ ನೋಡಿಕೊಂಡು ಹೋಗಲಿ ಎಂದು ನಾನೇ ಕರೆದೆ. ಆದರೆ ಆಲ್ಪ್ಸ್ ಸುತ್ತಿ ಬಂದವರು ಹೇಳುವ ಒಂದು ಜಾಣತನ ಇಲ್ಲಿಗೂ ಒಪ್ಪುತ್ತದೆ. 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್ ನೋಡಲು ಹೋಗುವವರೆಲ್ಲ ಬೆಟ್ಟದ ಮೇಲೆ ಕೋಣೆ ಹಿಡಿಯುವುದಿಲ್ಲ. ಕೆಳಗೆ ಇಂಟರ್‌ಲಾಕನ್‌ನಲ್ಲಿ ಉಳಿದು, ವಸತಿಯವರು ಕೊಡುವ ಅತಿಥಿ ಕಾರ್ಡಿನಲ್ಲಿ ಊರಿನ ಬಸ್ಸನ್ನು ಪುಕ್ಕಟೆ ಹತ್ತುತ್ತಾರೆ.

ನಮ್ಮ ಇಂಟರ್‌ಲಾಕನ್ ಹೊಸಪೇಟೆ. ಹಂಪಿ, ಸಂಡೂರು, ಕಂಪ್ಲಿ ಮೂರಕ್ಕೂ ಇಲ್ಲಿಂದ ಹೋಗಿ ಸಂಜೆಗೆ ವಾಪಸು ಬರಬಹುದು. ಬಸ್ ನಿಲ್ದಾಣದ ಸುತ್ತಮುತ್ತ ಸಾಧಾರಣ ಲಾಡ್ಜುಗಳಿವೆ. ಮಧ್ಯಮ ವರ್ಗದ ಸಂಸಾರಕ್ಕೆ ಬೇಕಾದ ಬಿಸಿನೀರು, ಚೊಕ್ಕ ಹಾಸಿಗೆ ಅಲ್ಲೇ ಸಿಗುತ್ತವೆ. ಬೆಳಗಿನಿಂದ ಸಂಜೆವರೆಗೆ ಹೊರಗೇ ತಿರುಗುವವರು ಈಜುಕೊಳವಿರುವ ರೆಸಾರ್ಟಿಗೆ ಯಾಕೆ ದುಡ್ಡು ಸುರಿಯಬೇಕೋ ನನಗೆ ತಿಳಿಯದು. ಇನ್ನು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ದೊಡ್ಡಮ್ಮ, ಸೊಸೆ, ಇಬ್ಬರು ಮೊಮ್ಮಕ್ಕಳು ಪುಕ್ಕಟೆ, ತಮ್ಮನೊಬ್ಬ ಕೊಟ್ಟ.

ಹಂಪಿಯಲ್ಲಿ 40 ರೂಪಾಯಿಯ ಟಿಕೆಟನ್ನು ಬಿಸಾಡಬೇಡಿ. ವಿಠ್ಠಲ ದೇವಸ್ಥಾನದಲ್ಲಿ ತೆಗೆದದ್ದೇ ಅದೇ ದಿನ ಕಮಲ ಮಹಲಿನ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ. ಹೊಳೆ ದಾಟಿ ಆನೆಗೊಂದಿ ಕಡೆ ಹೋದವರು ಕಡೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಸುತ್ತುದಾರಿಯಲ್ಲಿ ಆಟೊಗೆ ತೆರುವ ದುಡ್ಡಿನಲ್ಲಿ ನಾಲ್ಕು ಜನರ ಊಟ ಆಗುತ್ತದೆ.

ಹಂಪಿಯ ಸೀಸನ್ನು ಅಕ್ಟೋಬರಿನಿಂದ ಫೆಬ್ರುವರಿ; ಕೋಣೆ ಬಾಡಿಗೆ ಏರುವುದೂ ಆಗಲೇ. ಸಂಡೂರಿನ ಚೆಲುವು ಅದಕ್ಕೂ ಮುಂಚೆ. 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಅಂದಿದ್ದರೆಂದು ಊರಿನವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಬೇಸಿಗೆಯಲ್ಲಿ ಅದಿರಿನ ಕೆಂಪು ಧೂಳು ಮರದ ಎಲೆಯನ್ನೂ ಬಿಡುವುದಿಲ್ಲ. ಮಳೆ ಬಿದ್ದ ಮೇಲೆ ಎಲೆ ತೊಳೆದು, ಗುಡ್ಡದ ನೆತ್ತಿಗೆ ಮೋಡ ಬಂದು ಕೂರುತ್ತದೆ. ಭೀಮಗಂಡಿ, ಓಬಳಗಂಡಿಗಳಲ್ಲಿ ನಾರಿಹಳ್ಳ ಗುಡ್ಡ ಸೀಳಿ ಮಾಡಿಕೊಂಡ ದಾರಿ ಕಾಣುತ್ತದೆ. ಬಳ್ಳಾರಿಯ ಬಿಸಿಲು ತಾಳದೆ ಬ್ರಿಟಿಷರು 19ನೇ ಶತಮಾನದಲ್ಲಿ ಕಾಯಿಲೆ ಬಿದ್ದ ಸೈನಿಕರನ್ನು ಕಳಿಸುತ್ತಿದ್ದುದು ಇದೇ ಗುಡ್ಡಸಾಲಿನ ರಾಮಗಡಕ್ಕೆ, ಸುಮಾರು 3,200 ಅಡಿ ಎತ್ತರಕ್ಕೆ.

ಇಲ್ಲಿ ಮಾತ್ರ ಬಸ್ಸನ್ನು ನೆಚ್ಚಿ ಕೂರಬೇಡಿ. ಕುಮಾರಸ್ವಾಮಿ, ಪಾರ್ವತಿ ಗುಡಿಗಳಿರುವ ಬೆಟ್ಟಕ್ಕೆ ಸಂಡೂರಿನಲ್ಲಿ ಗಾಡಿ ಗೊತ್ತುಮಾಡಿಕೊಂಡು, ಕಾಯುವ ಹೊತ್ತನ್ನೂ ಸೇರಿಸಿ ದುಡ್ಡು ಮಾತಾಡಿ. ಮೇಲೆ ಹೋದಮೇಲೆ ಚೌಕಾಸಿಗೆ ದಾರಿಯಿಲ್ಲ.

ಮಳೆಗಾಲದ ಪ್ರವಾಸಕ್ಕೆ ಮುಂಗಡ ಕಟ್ಟುವಾಗ ಹೊಳೆಯ ಲೆಕ್ಕವೂ ಇರಲಿ. ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಹಾಗೆಲ್ಲ ಆಗದಿದ್ದರೂ, ಜೋರು ನೀರು ಬಿಟ್ಟ ದಿನ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ತೆಪ್ಪ ನಿಲ್ಲುತ್ತದೆ, ಕಂಪ್ಲಿ ಸೇತುವೆ ಮೇಲೆ ನೀರು ಹರಿದು ಗಂಗಾವತಿ ದಾರಿ ಬಂದ್ ಆಗುತ್ತದೆ. ಇಂಥ ಒಂದು ಪ್ರವಾಹದಲ್ಲಿ ನಮ್ಮ ನೆಂಟರೊಬ್ಬರಿಗೆ ಹೊಳೆಯಾಚೆಯ ವಸತಿಗೆ ಕಟ್ಟಿದ್ದ ಪೂರ್ತಿ ಮುಂಗಡ ವಾಪಸು ಬರಲಿಲ್ಲ. ರದ್ದುಮಾಡಿದರೆ ಹಣ ಮರಳುವ ಕೋಣೆ ನೂರಿನ್ನೂರು ಹೆಚ್ಚಾದರೂ ಆಗಸ್ಟ್, ಸೆಪ್ಟೆಂಬರಿನಲ್ಲಿ ಅದನ್ನೇ ಹಿಡಿಯಿರಿ.

ಹೀಗೆ ಉಳಿದ ದುಡ್ಡನ್ನು ಸಂಡೂರಿನಲ್ಲೇ ಖರ್ಚು ಮಾಡಿ ಎಂಬುದು ನನ್ನ ಆಸೆ. ಗುಡ್ಡ ಅಗೆದು ಬಂದ ಐಶ್ವರ್ಯ ಲಾರಿಯಲ್ಲಿ ಊರು ಬಿಟ್ಟು ಹೋಗುವುದನ್ನು ನೋಡುತ್ತ ಬೆಳೆದವರು ನಾವು. ಪ್ರವಾಸಿಯ ದುಡ್ಡಾದರೂ ಇಲ್ಲಿಯ ಕೈಗಳಿಗೆ ಸೇರಲಿ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಸಿಗುತ್ತದೆ. ಈ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬೆಲೆ ಕೇಳಿ ದೊಡ್ಡಮ್ಮ ಹುಬ್ಬೇರಿಸಿದರು. ನಾನು ಚೀಲವನ್ನು ಒಳಮಗ್ಗುಲಾಗಿ ತಿರುಗಿಸಿ ಕೊಟ್ಟೆ. ಒಂದೊಂದು ಕನ್ನಡಿ ಚೂರಿನ ಸುತ್ತಲೂ ದಾರ ಎಷ್ಟು ಸಲ ಹೋಗಿ ಬಂದಿದೆ, ಕವಡೆಯನ್ನು ಹೇಗೆ ಬಿಗಿದಿದ್ದಾರೆ ಎಂಬುದು ಹಿಂದಿನಿಂದಲೇ ಕಾಣುವುದು. ಕೈಹೊಲಿಗೆ ಮಾಡಿ ಗೊತ್ತಿದ್ದವರು ಅವರು. ಬೆರಳಿನಿಂದ ಸವರಿ ನೋಡಿ, ಚೌಕಾಸಿ ಮಾಡದೆ ಎರಡು ಚೀಲ ತೆಗೆದುಕೊಂಡರು.

ಬೆಟ್ಟಕ್ಕೆ ಮಾಡಿಕೊಂಡ ಗಾಡಿಯಲ್ಲೇ ಮಧ್ಯಾಹ್ನ ದರೋಜಿ ಕರಡಿಧಾಮಕ್ಕೂ ಹೋಗಬೇಕೆಂದಿದ್ದರೆ ಬೆಳಿಗ್ಗೆಯೇ ಚಾಲಕರಿಗೆ ಹೇಳಿ, ಒಟ್ಟು ಬಾಡಿಗೆ ತೀರ್ಮಾನಿಸಿಕೊಳ್ಳಿ. ಕರಡಿಗಳು ಬಂಡೆಗಳಿಂದ ಇಳಿದು ಬರುವುದು ಸಂಜೆಯ ಕಡೆಗೆ.