ಮಡಿಸಿದ ಹಾಳೆ

ವಿದ್ಯಾರ್ಥಿಗಳ ಮುಂದೆ ಉಪಾಧ್ಯಾಯರು ಪಠ್ಯಪುಸ್ತಕವನ್ನೋ ಪ್ರಶ್ನೆಪತ್ರಿಕೆಯನ್ನೋ ಇಡುವುದು ವಾಡಿಕೆ. ಹಳೆಯ ವೃತ್ತಪತ್ರಿಕೆಗಳ ಕಟ್ಟೊಂದನ್ನು ಹಂಚಿ, ಇದರಿಂದ ಏನಾದರೂ ಮಾಡಿರೆಂದು ಹೇಳಿ ತರಗತಿಯಿಂದ ಹೊರಟುಹೋದ ಉಪಾಧ್ಯಾಯರೊಬ್ಬರಿದ್ದರು. ಅವರು ಕಲಿಸುತ್ತಿದ್ದುದು ವಿನ್ಯಾಸದ ಪ್ರಥಮ ಪಾಠ. ಅಂದಿನ ತರಗತಿಯಲ್ಲಿ ನಡೆದುದರಲ್ಲಿ ಭೌತಶಾಸ್ತ್ರವೂ ಸಾಕಷ್ಟು ಅಡಗಿರುವುದರಿಂದ, ಅದನ್ನು ವಾಚಕರ ಮುಂದಿಡಬಯಸುತ್ತೇವೆ.

ಜರ್ಮನಿಯ ವೈಮಾರ್ ಪಟ್ಟಣದಲ್ಲಿ 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿ ಬೌಹೌಸ್ ಎಂಬ ಶಾಲೆಯನ್ನು ಸ್ಥಾಪಿಸಿದರು. ಕುರ್ಚಿ, ದೀಪ, ಬಟ್ಟೆ, ಪಾತ್ರೆ, ಮನೆ ಇವೆಲ್ಲವನ್ನೂ ಕಲೆ ಮತ್ತು ಕೈಕಸುಬು ಒಂದಾಗಿ ರೂಪಿಸಬೇಕೆಂಬುದು ಅದರ ಉದ್ದೇಶ. ಅಲ್ಲಿ ಸೇರಿದವರು ಬಡಗಿಯ ಕಾರ್ಯಶಾಲೆಗಾಗಲಿ ನೇಯ್ಗೆಯ ಕಾರ್ಯಶಾಲೆಗಾಗಲಿ ನೇರವಾಗಿ ಹೋಗುವಂತಿರಲಿಲ್ಲ. ಮೊದಲು ಆರು ತಿಂಗಳ ಪೂರ್ವಪಾಠವನ್ನು ಮುಗಿಸಬೇಕು. ಅದರಲ್ಲಿ ಯೋಗ್ಯರೆಂದು ತೋರಿದವರಿಗೆ ಮಾತ್ರ ಮುಂದಿನ ಬಾಗಿಲು ತೆರೆಯುತ್ತಿತ್ತು. ಉಳಿದವರು ಊರಿಗೆ ಹಿಂತಿರುಗಬೇಕಾಗಿತ್ತು. ಆದುದರಿಂದ ಈ ಪಾಠವು ಆಟದಂತೆ ಕಂಡರೂ ಕುಳಿತವರ ಪಾಲಿಗೆ ಆಟವಾಗಿರಲಿಲ್ಲ.

ಪೂರ್ವಪಾಠವನ್ನು ಆರಂಭಿಸಿದವರು ಯೊಹಾನೆಸ್ ಇಟ್ಟೆನ್. ಚಿತ್ರ ಬರೆಯುವ ಮೊದಲು ವಿದ್ಯಾರ್ಥಿಗಳಿಂದ ಉಸಿರಾಟದ ಅಭ್ಯಾಸವನ್ನೂ ಅಂಗಸಾಧನೆಯನ್ನೂ ಮಾಡಿಸುತ್ತಿದ್ದ ವಿಚಿತ್ರ ವ್ಯಕ್ತಿ. 1923ರಲ್ಲಿ ಅವರು ಶಾಲೆಯನ್ನು ಬಿಟ್ಟ ಮೇಲೆ ಪಾಠವು ಮೊಹೊಲಿ-ನಾಗ್ಯ್ ಮತ್ತು ಯೋಸೆಫ್ ಆಲ್ಬರ್ಸ್ ಇವರ ಕೈಗೆ ಬಂದಿತು. ನಮ್ಮ ಕಥೆಗೆ ಬೇಕಾದವರು ಆಲ್ಬರ್ಸರು. ಇವರು 1888ರಲ್ಲಿ ಹುಟ್ಟಿ, ಕೆಲವು ವರ್ಷ ಶಾಲಾಮಾಸ್ತರರಾಗಿ ದುಡಿದು, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ, 1920ರಲ್ಲಿ, ಇಟ್ಟೆನ್ನರ ಇದೇ ತರಗತಿಯಲ್ಲಿ ವಿದ್ಯಾರ್ಥಿಯಾಗಿ ಕುಳಿತವರು. ಬಣ್ಣಕ್ಕೆ ಹಣವಿಲ್ಲದ ದಿನಗಳವು. ಅವರು ಬೆನ್ನಿಗೆ ಚೀಲ, ಕೈಯಲ್ಲಿ ಸುತ್ತಿಗೆ ಹಿಡಿದು ಊರಿನ ಕಸದ ಗುಂಡಿಗೆ ಹೋಗಿ, ಒಡೆದ ಸೀಸೆಗಳ ಚೂರುಗಳನ್ನು ಆಯ್ದು ತಂದು, ಅವುಗಳಿಂದಲೇ ಬೆಳಕು ತೂರುವ ಗಾಜಿನ ಚಿತ್ರಗಳನ್ನು ಜೋಡಿಸಿದರು. ಕಸವನ್ನು ಕಸವೆಂದು ಕಾಣದ ಈ ಕಣ್ಣು ಅವರ ಬೋಧನೆಯಲ್ಲಿಯೂ ಉಳಿಯಿತು.

ಶಾಲೆ 1925ರಲ್ಲಿ ಡೆಸೌ ಪಟ್ಟಣಕ್ಕೆ ಸ್ಥಳಾಂತರವಾಯಿತು. 1920ರ ದಶಕದ ಕೊನೆಯ ಭಾಗದಲ್ಲಿ ಅಲ್ಲಿಗೆ ಬಂದ ವಿದ್ಯಾರ್ಥಿಗಳಲ್ಲಿ ಹಾನೆಸ್ ಬೆಕ್‌ಮನ್ ಎಂಬ ತರುಣನೊಬ್ಬ. ಮುಂದೆ ಅಮೆರಿಕಕ್ಕೆ ಹೋಗಿ ಚಿತ್ರಕಾರನೂ ಅಧ್ಯಾಪಕನೂ ಆದ ಈತ ತನ್ನ ಮೊದಲ ದಿನದ ತರಗತಿಯನ್ನು ಎಷ್ಟೋ ವರ್ಷಗಳ ತರುವಾಯ ನೆನೆದು ಬರೆದಿದ್ದಾನೆ. ಆಲ್ಬರ್ಸರು ಪತ್ರಿಕೆಗಳ ಹೊರೆಯೊಡನೆ ಒಳಗೆ ಬಂದು ಎಲ್ಲರಿಗೂ ಹಂಚಿದರಂತೆ. ಅನಂತರ ಅವರು ಹೇಳಿದ ಮಾತಿನ ಸಾರವಿಷ್ಟು: ನಾವು ಬಡವರು; ವಸ್ತುವನ್ನೂ ಹೊತ್ತನ್ನೂ ಹಾಳುಮಾಡುವ ಅನುಕೂಲ ನಮಗಿಲ್ಲ. ಮೊದಲು ಈ ವಸ್ತುವಿನಿಂದ ಏನು ಸಾಧ್ಯವೆಂಬುದನ್ನು ಕಂಡುಕೊಳ್ಳಿ. ಅಂದವಾದುದನ್ನು ಮಾಡಲು ಹೊರಡಬೇಡಿ, ಜಾಣತನದಿಂದ ಮಾಡಿ. ಕಾಗದದ ಸ್ವಭಾವ ಕೆಡದಂತೆ ಅದನ್ನು ಈಗಿರುವುದಕ್ಕಿಂತ ಹೆಚ್ಚಿನದಾಗಿ ಮಾಡಿ. ಕತ್ತರಿ, ಚಾಕು, ಅಂಟು ಇಲ್ಲದೆ ಆದರೆ ಮತ್ತೂ ಒಳ್ಳೆಯದು. ಇಷ್ಟು ಹೇಳಿ ಅವರು ಹೊರಟುಹೋದರು.

ಗಂಟೆಗಳ ಮೇಲೆ ಹಿಂತಿರುಗಿದಾಗ ಮೇಜುಗಳ ಮೇಲೆ ದೊಡ್ಡ ಸಂತೆಯೇ ನೆರೆದಿತ್ತು. ಮುಖವಾಡಗಳು, ದೋಣಿಗಳು, ಕೋಟೆಗಳು, ವಿಮಾನಗಳು, ಪ್ರಾಣಿಗಳು. ಆಲ್ಬರ್ಸರು ಇವೆಲ್ಲವನ್ನೂ ಶಿಶುವಿಹಾರದ ಕೆಲಸವೆಂದು ತಳ್ಳಿಹಾಕಿದರು. ಇವುಗಳಲ್ಲಿ ಬಹುಪಾಲನ್ನು ಬೇರೆ ವಸ್ತುವಿನಿಂದ ಇನ್ನೂ ಚೆನ್ನಾಗಿ ಮಾಡಬಹುದು ಎಂಬುದು ಅವರ ಆಕ್ಷೇಪ. ಬಳಿಕ ಹಂಗೇರಿಯ ವಿದ್ಯಾರ್ಥಿಯೊಬ್ಬನ ಕೆಲಸವನ್ನು ಬೆರಳಿಟ್ಟು ತೋರಿಸಿದರು. ಅವನು ಮಾಡಿದ್ದು ಇಷ್ಟೆ: ಹಾಳೆಯನ್ನು ಉದ್ದಕ್ಕೆ ಮಡಿಸಿ, ಎರಡು ರೆಕ್ಕೆಗಳಂತೆ ನೆಟ್ಟಗೆ ನಿಲ್ಲಿಸಿದ್ದ. ಮಡಿಸುವುದು ಕಾಗದಕ್ಕೆ ಸಹಜವಾದ ಕ್ರಿಯೆ. ಆ ಒಂದು ಮಡಿಕೆಯಿಂದ ಮೆದುವಾದ ವಸ್ತು ತನ್ನ ಅತ್ಯಂತ ಕಿರಿದಾದ ಅಂಚಿನ ಮೇಲೆ ನಿಲ್ಲುವಷ್ಟು ಪೆಡಸಾಯಿತು. ಮಲಗಿದ್ದಾಗ ಒಂದೇ ಮುಖ ಕಾಣುತ್ತಿದ್ದ ಹಾಳೆ ಈಗ ಎರಡು ಮುಖಗಳಿಂದಲೂ ಕಾಣುತ್ತಿದೆ ಎಂದು ಅವರು ವಿವರಿಸಿದರಂತೆ. ಬೆಳಗಿನಿಂದ ಕೋಟೆ ಕಟ್ಟಿದವರ ಮುಖ ಆಗ ಹೇಗಿದ್ದಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ತೀರ್ಪು ತುಸು ಕಠಿಣವಾಯಿತೆಂದೇ ನಮ್ಮ ಅಭಿಪ್ರಾಯ. ಕೋಟೆ, ಮುಖವಾಡಗಳ ಮಾತು ಹಾಗಿರಲಿ. ಕಾಗದದ ದೋಣಿಗೆ ಕತ್ತರಿಯೂ ಬೇಡ, ಅಂಟೂ ಬೇಡ, ಮಡಿಕೆಯಿಂದಲೇ ಅದು ಹುಟ್ಟುತ್ತದೆ, ಮಳೆನೀರಿನಲ್ಲಿ ತೇಲಿಯೂ ತೋರಿಸುತ್ತದೆ. ಕಡಲೆಕಾಯಿ ಮಾರುವವನು ಕ್ಷಣಮಾತ್ರದಲ್ಲಿ ಸುತ್ತಿಕೊಡುವ ಪೊಟ್ಟಣವನ್ನು ಆಲ್ಬರ್ಸರ ಮುಂದಿಟ್ಟಿದ್ದರೆ ಅವರು ಏನು ಹೇಳುತ್ತಿದ್ದರೋ! ಆದರೆ ಹಂಗೇರಿಯವನ ಹಾಳೆಯ ವಿಷಯದಲ್ಲಿ ಅವರ ಮಾತು ಕೇವಲ ಅಭಿರುಚಿಯದಲ್ಲ. ಅದನ್ನು ಲೆಕ್ಕದಿಂದ ಪರೀಕ್ಷಿಸಬಹುದು.

ಹಾಳೆಯೊಂದನ್ನು ಬಗ್ಗಿಸಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ನಡುವೆ ಹಿಗ್ಗದೆ ಕುಗ್ಗದೆ ಉಳಿಯುವ ತಲವೊಂದುಂಟು. ಇದಕ್ಕೆ ತಟಸ್ಥ ತಲವೆಂದು ಹೆಸರು. ವಸ್ತುವಿನ ಯಾವುದೇ ಕಣ ಈ ತಲದಿಂದ ಎಷ್ಟು ದೂರದಲ್ಲಿದೆಯೋ ಅಷ್ಟು ಹೆಚ್ಚು ಹಿಗ್ಗಬೇಕು ಅಥವಾ ಕುಗ್ಗಬೇಕು. ಹಿಗ್ಗಿದಷ್ಟೂ ಅದು ಹಿಂದಕ್ಕೆ ಎಳೆಯುತ್ತದೆ. ಹೀಗೆ ಎಳೆಯುವ ಬಲದ ಸನ್ನೆತೋಳು ಕೂಡ ಅದೇ ದೂರವೇ. ದೂರವು ಎರಡು ಸಲ ಲೆಕ್ಕಕ್ಕೆ ಬರುವುದರಿಂದ, ಬಾಗನ್ನು ತಡೆಯುವುದರಲ್ಲಿ ಪ್ರತಿಯೊಂದು ಕಣದ ಪಾಲು ತಟಸ್ಥ ತಲದಿಂದ ಅದಕ್ಕಿರುವ ದೂರದ ವರ್ಗಕ್ಕೆ ಅನುಪಾತವಾಗಿರುತ್ತದೆ. ನಡುವೆ ಇರುವ ವಸ್ತು ಹೆಚ್ಚುಕಡಮೆ ಸೋಮಾರಿ, ದುಡಿಯುವುದೆಲ್ಲ ದೂರದಲ್ಲಿರುವುದು.

ಸಮತಟ್ಟಾದ ಹಾಳೆಯಲ್ಲಿ ಯಾವ ಕಣವೂ ನಡುವಿನಿಂದ ದಪ್ಪದ ಅರ್ಧಕ್ಕಿಂತ ದೂರ ಹೋಗಲಾರದು. ಬರೆಯುವ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರು. ಈಗ ಅದೇ ಹಾಳೆಯನ್ನು ಬೀಸಣಿಗೆಯಂತೆ ಮೇಲೊಂದು ಕೆಳಗೊಂದಾಗಿ ಮಡಿಸಿ, ಮಡಿಕೆಗಳ ಎತ್ತರ 10 ಮಿಲಿಮೀಟರು ಇರುವಂತೆ ಮಾಡೋಣ. ಕಾಗದ ಒಂದು ಚೂರೂ ಹೆಚ್ಚಿಲ್ಲ, ತೂಕವೂ ಅಷ್ಟೆ. ಆದರೆ ಕಣಗಳು ಹರಡಿರುವ ಎತ್ತರ ನೂರು ಪಟ್ಟಾಯಿತು. ನೂರರ ವರ್ಗ ಹತ್ತು ಸಾವಿರ. ಮಡಿಕೆಯ ಉದ್ದಕ್ಕೆ ಬಗ್ಗಿಸಹೊರಟರೆ ಹಾಳೆಯ ಪೆಡಸುತನ 10,000 ಪಟ್ಟು ಹೆಚ್ಚಿರುತ್ತದೆ!

ಈ ಲೆಕ್ಕ ಸಣ್ಣ ಬಾಗಿಗೆ ಮಾತ್ರ ಸಲ್ಲುತ್ತದೆ ಎಂಬುದನ್ನು ಮರೆಯಬಾರದು. ಭಾರ ಏರಿದಂತೆ ಮಡಿಕೆಯ ತೆಳುವಾದ ಗೋಡೆಯೇ ಒಂದೆಡೆ ಸೊಟ್ಟಗಾಗಿ, ಇಡೀ ಹಾಳೆ ಥಟ್ಟನೆ ಕುಸಿಯುತ್ತದೆ. ಎರಡು ಲೋಟಗಳನ್ನು ಒಂದು ಗೇಣು ಅಂತರದಲ್ಲಿಟ್ಟು, ಮಡಿಸಿದ ಹಾಳೆಯನ್ನು ಸೇತುವೆಯಂತೆ ಹಾಸಿ, ಮೇಲೆ ನಾಣ್ಯಗಳನ್ನು ಒಂದೊಂದಾಗಿ ಇಡುತ್ತ ಬಂದರೆ ಈ ಕುಸಿತವನ್ನು ಕಣ್ಣಾರೆ ನೋಡಬಹುದು. ಇನ್ನೊಂದು ಸಂಗತಿ: ಮಡಿಕೆಗೆ ಅಡ್ಡಲಾಗಿ ಎಳೆದು ನೋಡಿ. ಹಾಳೆ ಹಾರ್ಮೋನಿಯಮ್ಮಿನ ತಿದಿಯಂತೆ ಸಲೀಸಾಗಿ ಹಿಗ್ಗುತ್ತದೆ. ಒಂದು ದಿಕ್ಕಿನಲ್ಲಿ ಗಳಿಸಿದ್ದಕ್ಕೆ ಇನ್ನೊಂದು ದಿಕ್ಕಿನಲ್ಲಿ ಬೆಲೆ ತೆರಬೇಕಾಯಿತು. ಚಾವಣಿಗೆ ಹೊದಿಸುವ ಅಲೆಅಲೆಯಾದ ತಗಡನ್ನು ತೊಲೆಗಳಿಗೆ ಅಡ್ಡವಾಗಿ ಅಲೆಗಳು ಸಾಗುವಂತೆ ಹಾಸುವುದು ಈ ಕಾರಣದಿಂದಲೇ. ಅಂಥ ತಗಡಿಗೆ ಲಂಡನ್ನಿನ ಹೆನ್ರಿ ಪಾಮರ್ ಎಂಬ ಎಂಜಿನಿಯರ್ 1829ರಲ್ಲಿ ಪೇಟೆಂಟು ಪಡೆದನು. ತಾಳೆಯ ಮರ ಯಾವ ಪೇಟೆಂಟೂ ಇಲ್ಲದೆ ತನ್ನ ಅಗಲವಾದ ಗರಿಯನ್ನು ಗಾಳಿಗೆ ಹಾಗೆಯೇ ಮಡಿಸಿ ಹಿಡಿದಿದೆ.

ನಿಲ್ಲುವ ಹಾಳೆಗೆ ಪೆಡಸುತನವೊಂದೇ ಸಾಲದು, ತಳವೂ ಬೇಕು. ಸಮತಟ್ಟಾದ ಹಾಳೆಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಅದರ ತಳದ ಅಗಲ ಕಾಗದದ ದಪ್ಪದಷ್ಟೇ. ಗುರುತ್ವಕೇಂದ್ರ ಕೂದಲೆಳೆಯಷ್ಟು ಸರಿದರೂ ಅದು ಬೀಳುತ್ತದೆ. ಮಡಿಸಿ ರೆಕ್ಕೆಗಳನ್ನು ಅಗಲಿಸಿದೊಡನೆ, ಎರಡು ರೆಕ್ಕೆಗಳ ನಡುವಿನ ತ್ರಿಕೋಣವೆಲ್ಲವೂ ತಳವಾಗುತ್ತದೆ. ತಳವನ್ನು ಬಿಗಿಯಾಗಿ ಹಿಡಿದುಕೊಂಡರೂ ಸಮತಟ್ಟಾದ ಪತ್ರಿಕೆಯ ಹಾಳೆ ಒಂದು ಗೇಣಿನ ಆಸುಪಾಸಿನಲ್ಲೇ ತನ್ನ ಭಾರಕ್ಕೆ ತಾನೇ ತಲೆಬಾಗುತ್ತದೆ. ಕಂಬವೊಂದು ತನ್ನ ಭಾರದಿಂದಲೇ ಬಾಗದೆ ಎಷ್ಟು ಎತ್ತರ ನಿಲ್ಲಬಹುದೆಂಬ ಪ್ರಶ್ನೆಯನ್ನು ಗ್ರೀನ್‌ಹಿಲ್ ಎಂಬ ಗಣಿತಜ್ಞ 1881ರಲ್ಲಿ ಬಿಡಿಸಿದನು. ಆ ಎತ್ತರ ಪೆಡಸುತನದ ಘನಮೂಲದಂತೆ ಏರುತ್ತದೆ. ಆದುದರಿಂದ 10,000 ಪಟ್ಟು ಪೆಡಸಾದ ಹಾಳೆ ನಿಲ್ಲಬಲ್ಲ ಎತ್ತರ ಸುಮಾರು ಇಪ್ಪತ್ತೊಂದೂವರೆ ಪಟ್ಟು ಮಾತ್ರ. ಪ್ರಕೃತಿ ಇಲ್ಲಿ ಸ್ವಲ್ಪ ಕೈಬಿಗಿ ಮಾಡಿದೆ.

ಈ ವಿಷಯ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಪ್ರಯೋಗಶಾಲೆಯಲ್ಲಿ ಮರದ ಮೀಟರ್ ಪಟ್ಟಿಯನ್ನು ಎರಡು ಕತ್ತಿಯಂಚುಗಳ ಮೇಲಿಟ್ಟು, ನಡುವೆ ಭಾರ ತೂಗುಹಾಕಿ, ಬಾಗನ್ನು ಸೂಕ್ಷ್ಮದರ್ಶಕದಿಂದ ಅಳೆದು ಯಂಗ್ ಗುಣಾಂಕವನ್ನು ಕಂಡುಹಿಡಿಯುವ ಪ್ರಯೋಗವನ್ನು ಎಲ್ಲರೂ ಮಾಡಿರುತ್ತಾರೆ. ಸೂತ್ರದಲ್ಲಿ ದಪ್ಪದ ಘನ ಬರುತ್ತದೆಂಬುದೂ ಬಾಯಿಪಾಠವಾಗಿರುತ್ತದೆ. ಆದರೆ ಆ ಪಟ್ಟಿಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿದರೆ ಬಾಗು ಎಷ್ಟಾಗುತ್ತದೆಂದು ಕೇಳಿದಾಗ ಅನೇಕರು ಪುಸ್ತಕದ ಕಡೆ ನೋಡುವುದನ್ನು ನಾವು ಕಂಡಿದ್ದೇವೆ. 25 ಮಿಲಿಮೀಟರು ಅಗಲ, 5 ಮಿಲಿಮೀಟರು ದಪ್ಪದ ಪಟ್ಟಿಯಾದರೆ ಬಾಗು ಇಪ್ಪತ್ತೈದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇದನ್ನು ತಿಳಿಯಲು ಸೂತ್ರವೇ ಬೇಡ, ಪಟ್ಟಿಯನ್ನು ಕೈಯಲ್ಲಿ ಹಿಡಿದು ಎರಡು ಬಗೆಯಾಗಿ ಬಗ್ಗಿಸಿ ನೋಡಿದರೆ ಸಾಕು. ಹಾಗೆ ಬಗ್ಗಿಸಿ ನೋಡುವುದಕ್ಕೆ ನಮ್ಮ ವೇಳಾಪಟ್ಟಿಯಲ್ಲಿ ಅವಕಾಶವಿಲ್ಲ. ಬರಬೇಕಾದ ಉತ್ತರ ಪ್ರಯೋಗಕ್ಕೆ ಮುಂಚೆಯೇ ಹಿರಿಯ ವಿದ್ಯಾರ್ಥಿಗಳ ರೆಕಾರ್ಡು ಪುಸ್ತಕದಿಂದ ಇಳಿದು ಬಂದಿರುತ್ತದೆ.

ಆಲ್ಬರ್ಸರ ತರಗತಿಯಲ್ಲಿ ಇಂಥ ನಕಲಿಗೆ ಎಡೆಯಿರಲಿಲ್ಲ, ಏಕೆಂದರೆ ನಕಲು ಮಾಡಲು ಉತ್ತರವೇ ಇರಲಿಲ್ಲ. ಅಲೆಕಾಗದ, ತಂತಿಬಲೆ, ಬೆಂಕಿಪೊಟ್ಟಣ, ಕ್ಷೌರದ ಬ್ಲೇಡು ಮುಂತಾದ ಅಗ್ಗದ ವಸ್ತುಗಳು ಒಂದಾದ ಮೇಲೊಂದು ಬಂದವು. ಒಂದೇ ಹಾಳೆಯಿಂದ, ಚೂರೂ ಬಿಸಾಡದೆ, ಸೀಳಿ ಮಡಿಸಿ ರೂಪಗಳನ್ನು ಎಬ್ಬಿಸಬೇಕಾಗಿತ್ತು. ಎಷ್ಟು ಶ್ರಮಕ್ಕೆ ಎಷ್ಟು ಫಲ ದೊರೆಯಿತೆಂಬುದೇ ಅಳತೆಗೋಲು. ಮಾಡಿದ್ದನ್ನೆಲ್ಲ ನೆಲದ ಮೇಲೆ ಹರಡಿ, ಎಲ್ಲರೂ ಸುತ್ತ ನಿಂತು ಚರ್ಚಿಸುವುದು ಪಾಠದ ಮುಖ್ಯ ಭಾಗ. ಸೂತ್ರ ಕಲಿಸದಿದ್ದುದರಿಂದ ಒಂದು ಕೊರತೆಯೂ ಉಳಿಯಿತೆನ್ನಬೇಕು: ಹಾಳೆ ಪೆಡಸಾಯಿತೆಂದು ಕಂಡುಕೊಂಡವನಿಗೆ ಅದು ಎಷ್ಟು ಪಟ್ಟು ಎಂಬುದು ತಿಳಿಯಲಿಲ್ಲ, ಆ ಲೆಕ್ಕವಿಲ್ಲದೆ ಸೇತುವೆ ಕಟ್ಟಲಾಗದು. ಕೈಯ ಪಾಠ ಮೊದಲು, ಲೆಕ್ಕದ ಪಾಠ ಅದರ ಬೆನ್ನಿಗೇ, ಈ ಕ್ರಮ ನಮಗೆ ಹಿಡಿಸುತ್ತದೆ.

ನಾತ್ಸಿಗಳ ಒತ್ತಡದಿಂದ ಬೌಹೌಸ್ 1933ರಲ್ಲಿ ಬರ್ಲಿನ್ನಿನಲ್ಲಿ ಮುಚ್ಚಿಹೋಯಿತು. ಆಲ್ಬರ್ಸರು ಅದೇ ವರ್ಷ ಅಮೆರಿಕದ ಉತ್ತರ ಕ್ಯಾರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಹೋಗಿ, ಇದೇ ಪಾಠವನ್ನು ಹೊಸ ಭಾಷೆಯಲ್ಲಿ ತಡವರಿಸುತ್ತ ಮುಂದುವರಿಸಿದರು. 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ನಮ್ಮ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ತಳಪಾಯದ ಪಾಠಗಳಲ್ಲಿಯೂ ಈ ಪರಂಪರೆಯ ನೆರಳನ್ನು ಗುರುತಿಸಬಹುದು.

1927–28ರ ಸುಮಾರಿನಲ್ಲಿ ಆಲ್ಬರ್ಸರ ವಿದ್ಯಾರ್ಥಿಗಳು ಮಾಡಿದ ಇನ್ನೊಂದು ಮಡಿಕೆಯನ್ನು ಹೇಳಲೇಬೇಕು. ದುಂಡಗೆ ಕತ್ತರಿಸಿದ ಕಾಗದದ ಮೇಲೆ ಒಂದೇ ಕೇಂದ್ರದ ಸುತ್ತ ವೃತ್ತಗಳನ್ನು ಎಳೆದು, ಒಂದನ್ನು ಮೇಲಕ್ಕೆ, ಮುಂದಿನದನ್ನು ಕೆಳಕ್ಕೆ ಮಡಿಸುತ್ತ ಹೋದರೆ, ಹಾಳೆ ತಾನಾಗಿಯೇ ತಿರುಚಿಕೊಂಡು ಕುದುರೆಯ ಜೀನಿನ ಆಕಾರ ತಾಳುತ್ತದೆ. ವೃತ್ತಗಳ ಬದಲು ಒಂದರೊಳಗೊಂದು ಚೌಕಗಳನ್ನೂ, ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಮಡಿಸಿದರೂ ಅದೇ ಬಗೆಯ ಜೀನು ಏಳುತ್ತದೆ. ಜೀನು ಪ್ರತಿ ಬಿಂದುವಿನಲ್ಲಿಯೂ ಎರಡು ದಿಕ್ಕಿಗೆ ಬಾಗಿರುತ್ತದೆ. ಹಿಗ್ಗದ ಕಾಗದವಾದರೋ ಒಂದೆಡೆಯಲ್ಲಿ ಒಂದು ದಿಕ್ಕಿಗೆ ಮಾತ್ರ ಬಾಗಬಲ್ಲುದೆಂಬುದು ಗೌಸ್ 1827ರಲ್ಲಿ ಮಂಡಿಸಿದ ಪ್ರಮೇಯದಿಂದ ಸಿದ್ಧವಾಗುತ್ತದೆ. ಹಾಗಿದ್ದರೆ ಮಡಿಕೆಗಳ ನಡುವಣ ಪಟ್ಟಿಗಳಲ್ಲಿ ಏನು ನಡೆಯುತ್ತಿದೆ? ಚೌಕದ ಮಾದರಿಯನ್ನು ಪರಿಶೀಲಿಸಿದ ಗಣಿತಜ್ಞರ ತಂಡವೊಂದು, ನಾವು ಹಾಕಿದ ಮಡಿಕೆಗಳಿಂದಷ್ಟೇ ಆ ಆಕಾರ ಉಂಟಾಗುವುದು ಅಸಾಧ್ಯವೆಂದು 2009ರಲ್ಲಿ ಸಾಧಿಸಿತು. ಮೇಜಿನ ಮೇಲೆ ಕಣ್ಣೆದುರಿಗೇ ನಿಂತಿರುವ ವಸ್ತು ಗಣಿತದ ಪ್ರಕಾರ ಇರಕೂಡದು! ಕಾಗದವು ನಮಗೆ ತಿಳಿಸದೆ ಎಲ್ಲೋ ತುಸು ಹಿಗ್ಗಿರಬೇಕು, ಇಲ್ಲವೆ ಪಟ್ಟಿಗಳಲ್ಲಿ ತಾನೇ ಸಣ್ಣ ಮಡಿಕೆಗಳನ್ನು ಹಾಕಿಕೊಂಡಿರಬೇಕು. ಪ್ರತಿಯೊಂದು ಪಟ್ಟಿಯಲ್ಲಿಯೂ ಮೂಲೆಯಿಂದ ಮೂಲೆಗೆ ಒಂದೊಂದು ಮಡಿಕೆಯನ್ನು ಸೇರಿಸಿದರೆ ತೊಡಕು ಬಿಡುತ್ತದೆ ಎಂಬುದನ್ನೂ ಅದೇ ತಂಡ ತೋರಿಸಿದೆ. ಒಂದು ಗೇಣು ಚೌಕದ ಹಾಳೆಯಲ್ಲಿ ಇದನ್ನು ಮಾಡಲು ಅರ್ಧ ಗಂಟೆ ಸಾಕು. ಮಡಿಸಿ ಮುಗಿದ ಮೇಲೆ ಸಂಜೆಯ ಓರೆಬಿಸಿಲಿಗೆ ಹಿಡಿದು, ಪಟ್ಟಿಗಳ ಮೇಲೆ ನೀವು ಹಾಕದ ಗೆರೆಗಳೇನಾದರೂ ಬಿದ್ದಿವೆಯೇ ಎಂದು ಹುಡುಕಿರಿ.