ಬ್ಯಾಟರಿಗಿಂತ ಮೊದಲು ಬಲ್ಬು ಬದಲಿಸಿ

ಪ್ರಶ್ನೆ: ನಾವು ಅಮೆರಿಕದ ಡೆನ್ವರ್‌ನಲ್ಲಿದ್ದೇವೆ. ಹದಿನೈದು ವರ್ಷ ಹಳೆಯ ಕ್ಯಾಂಪರ್ ಟ್ರೇಲರ್ ಕೊಂಡಿದ್ದೇವೆ. ರಾತ್ರಿ ಹೀಟರ್ ಹಾಕಿ ಮಲಗಿದರೆ ಬೆಳಗಿನ ಜಾವಕ್ಕೆ ಬ್ಯಾಟರಿ ಕೈಕೊಡುತ್ತದೆ. ಲಿಥಿಯಂ ಬ್ಯಾಟರಿ ಹಾಕೋಣವೆಂದರೆ ಮನೆಯವರು ದುಡ್ಡು ದಂಡ ಎನ್ನುತ್ತಾರೆ. ನಾನೇ ಹಾಕಿಕೊಳ್ಳಬಹುದೇ?

ಉತ್ತರ: ಹಾಕಿಕೊಳ್ಳಬಹುದು. ಆದರೆ ಸದ್ಯಕ್ಕೆ ನಿಮ್ಮ ಮನೆಯವರ ಮಾತೇ ಸರಿ. ಮೊದಲು ಒಳಗಿನ ದೀಪದ ಮುಚ್ಚಳ ಬಿಚ್ಚಿ ನೋಡಿ. ಆ ಕಾಲದ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ 1141 ನಂಬರಿನ ಹಳೇ ಬಲ್ಬು ಇರುತ್ತದೆ. ಒಂದೊಂದೂ ಸುಮಾರು ಒಂದೂವರೆ ಆಂಪ್ ಎಳೆಯುತ್ತದೆ. ನಾಲ್ಕು ಬಲ್ಬು ನಾಲ್ಕು ಗಂಟೆ ಉರಿದರೆ 24 ಆಂಪ್-ಅವರ್ ಖಾಲಿ. ಲೆಡ್-ಆ್ಯಸಿಡ್ ಬ್ಯಾಟರಿಯ ಮೇಲೆ 80 ಎಂದು ಬರೆದಿದ್ದರೂ ಅದು ಬಾಳಿಕೆ ಬರಬೇಕಾದರೆ ಬಳಸಬಹುದಾದ್ದು ಅರ್ಧ, ಅಂದರೆ 40. ಅದರಲ್ಲಿ ದೀಪಕ್ಕೇ 24 ಹೋದರೆ ಹೀಟರಿಗೆ ಉಳಿಯುವುದೆಷ್ಟು? ಹೀಟರ್ ಉರಿಯುವುದು ಗ್ಯಾಸಿನಿಂದಲೇ, ನಿಜ. ಆದರೆ ಬಿಸಿಗಾಳಿ ತಳ್ಳುವ ಫ್ಯಾನು ಬ್ಯಾಟರಿಯಿಂದಲೇ ತಿರುಗಬೇಕು.

ಅದೇ ಹೋಲ್ಡರಿಗೆ ಕೂರುವ 12 ವೋಲ್ಟಿನ ಎಲ್‌ಇಡಿ ಬಲ್ಬು ಸಿಗುತ್ತದೆ. ಅದಕ್ಕೆ ಬೇಕಾಗುವುದು ಹಳೆಯದರ ಐದನೇ ಒಂದು ಪಾಲಿಗಿಂತಲೂ ಕಡಿಮೆ ಕರೆಂಟು. ಒತ್ತಿ, ತಿರುಗಿಸಿ, ಹಾಕಿದರಾಯಿತು.

ಅಷ್ಟಾದರೂ ಸಾಲದೆಂದರೆ ಲಿಥಿಯಂಗೆ ಹೋಗಿ. ಆಗ ಚಾರ್ಜರನ್ನೂ ಗಮನಿಸಬೇಕು. ಟ್ರೇಲರಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಕನ್ವರ್ಟರುಗಳು ಹೆಚ್ಚಾಗಿ 13.6 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತವೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸರಿಯಾಗಿ ತುಂಬಲು ಸುಮಾರು 14.4 ಬೇಕು. ನಿಮ್ಮೂರಿನ ಚಳಿಯದ್ದೂ ಒಂದು ತಕರಾರಿದೆ. ಬ್ಯಾಟರಿಯ ಒಳಗಿನ ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದಾಗ ಚಾರ್ಜ್ ಮಾಡಿದರೆ ಅದು ಶಾಶ್ವತವಾಗಿ ಹಾಳಾಗುತ್ತದೆ. ಚಳಿಯಲ್ಲಿ ಚಾರ್ಜಿಂಗ್ ತಾನಾಗಿ ನಿಲ್ಲಿಸುವ ವ್ಯವಸ್ಥೆ ಇರುವುದನ್ನೇ ಕೊಳ್ಳಿ. ಇನ್ನು ಫ್ಯೂಸು. ಅದು ಬ್ಯಾಟರಿಯ ಪಾಸಿಟಿವ್ ತುದಿಗೆ ಆದಷ್ಟು ಹತ್ತಿರವಿರಲಿ. ಫ್ಯೂಸ್ ಇರುವುದು ವಯರು ಸುಡದಿರಲೆಂದು. ಪದೇ ಪದೇ ಹೋಗುತ್ತದೆಂದು ದೊಡ್ಡದು ಹಾಕಿದಿರೋ, ಮುಂದಿನ ಸಲ ಸುಡುವುದು ವಯರೇ.

ಪ್ರಶ್ನೆ: ಟ್ರೇಲರಿನ ಮಾಡು ಕಿಟಕಿಯ ಅಂಚಿನಲ್ಲಿ ಸೋರುತ್ತಿದೆ. ಸಿಲಿಕೋನ್ ಬಳಿದರೆ ಸಾಕೇ?

ಉತ್ತರ: ಬೇಡ. ಸಿಲಿಕೋನಿನ ಮೇಲೆ ಮುಂದೆ ಬೇರೇನೂ ಹಿಡಿಯುವುದಿಲ್ಲ, ಕೆರೆದು ತೆಗೆಯುವುದೂ ಹಿಂಸೆ. ಚೌಕಟ್ಟು ಬಿಚ್ಚಿ, ಹಳೆಯದೆಲ್ಲ ಕೆರೆದು, ಅಡಿಗೆ ಬ್ಯುಟೈಲ್ ಟೇಪ್ ಹಾಕಿ ಮತ್ತೆ ಕೂರಿಸಿ. ಅಂಚಿಗೂ ಸ್ಕ್ರೂ ತಲೆಗಳಿಗೂ ತಾನೇ ಹರಡಿಕೊಳ್ಳುವ ಲ್ಯಾಪ್ ಸೀಲಂಟ್ ಸುರಿಯಿರಿ.

ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೇವೆ. ಮನೆ ಪಕ್ಕ ಟ್ರೇಲರಿಗೆಂದು 30 ಆಂಪ್ ಪಾಯಿಂಟ್ ಹಾಕಿಸುತ್ತಿದ್ದೇವೆ. ಎಲೆಕ್ಟ್ರಿಷಿಯನ್ 240 ವೋಲ್ಟ್ ಎನ್ನುತ್ತಿದ್ದಾನೆ. ಊರಲ್ಲೂ ಹೆಚ್ಚುಕಡಿಮೆ ಅಷ್ಟೇ ಅಲ್ಲವೇ?

ಉತ್ತರ: ಊರಿನ ಲೆಕ್ಕ ಅಲ್ಲಿ ಹಿಡಿಯಬೇಡಿ, ಕೆಲಸವನ್ನು ಇವತ್ತೇ ನಿಲ್ಲಿಸಿ. ಅಮೆರಿಕದ ಟ್ರೇಲರುಗಳ 30 ಆಂಪ್ ಪ್ಲಗ್, ಅಂದರೆ ಟಿಟಿ-30, ಕೇವಲ 120 ವೋಲ್ಟಿನದು. ಬಟ್ಟೆ ಒಣಗಿಸುವ ಡ್ರೈಯರಿನ 30 ಆಂಪ್ ಪಾಯಿಂಟ್ 240 ವೋಲ್ಟಿನದು, ಹಳೆಯವು ನೋಡಲೂ ಹೆಚ್ಚುಕಡಿಮೆ ಹಾಗೇ ಇರುತ್ತವೆ. ಹೀಗಾಗಿ ಅನುಭವವಿರುವ ಎಲೆಕ್ಟ್ರಿಷಿಯನ್ನರೂ ಎಡವುತ್ತಾರೆ. ಟ್ರೇಲರಿಗೆ 240 ಹರಿದರೆ ಮೈಕ್ರೋವೇವ್, ಕನ್ವರ್ಟರ್, ಫ್ರಿಜ್ಜಿನ ಬೋರ್ಡು ಎಲ್ಲ ಒಟ್ಟಿಗೇ ಸುಡಬಹುದು. ಪಾಯಿಂಟ್ ಸಿದ್ಧವಾದ ಮೇಲೆ ಓರೆಯಾಗಿರುವ ಎರಡು ಸೀಳುಗಳಿಗೆ ಮಲ್ಟಿಮೀಟರಿನ ಕಡ್ಡಿಗಳನ್ನಿಟ್ಟು ನೋಡಿ. 120ರ ಆಸುಪಾಸು ತೋರಿಸಿದರೆ ಮಾತ್ರ ಪ್ಲಗ್ ಹಾಕಿ. 240 ಬಂದರೆ ಅದೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಸರಿಮಾಡಿಸಿ.